ಎರಿಯೋ ಆಯಿಯ ಹಿಟ್ಟಿನ ಮರಿಗೆ

ನಾನು ಬಳಪದ ಕಲ್ಲಿನಲ್ಲಿ ಕಡೆದ ಒಂದು ಮರಿಗೆ. ನಾಲ್ಕು ಬೆರಳು ಆಳ, ಎರಡು ಬೊಗಸೆ ಹಿಟ್ಟು ಹಿಡಿಯುವಷ್ಟು ಹೊಟ್ಟೆ. ಗುಡ್ಡದ ಸೆರಗಿನ ಹಳ್ಳಿಯೊಂದರ ಕಲ್ಲುಕುಟಿಗ ನನ್ನನ್ನು ಉಪ್ಪಿನಕಾಯಿಗೆಂದು ಕಡೆಯಲು ಹಿಡಿದಿದ್ದ. ಅರ್ಧ ಕೆಲಸವಾದ ಮೇಲೆ ನನ್ನ ಮೈಯಲ್ಲಿ ಕೂದಲೆಳೆಯಂಥ ಬಿಳಿ ಗೆರೆಯೊಂದು ಕಂಡಿತು. ಹುಳಿ, ಉಪ್ಪು ಹಾಕಿಟ್ಟರೆ ಅಲ್ಲಿಯೇ ಸೀಳುತ್ತದೆಂದು ಅವನು ಅಂಚು ತಗ್ಗಿಸಿ, ನುಣುಪಾಗಿ ಉಜ್ಜಿ, ಬೆಟಗೇರಿಯ ಸಂತೆಯಲ್ಲಿ ಬೀಸುವ ಕಲ್ಲುಗಳ ಪಕ್ಕ ಇಟ್ಟ.

ನನ್ನನ್ನು ಎತ್ತಿಕೊಂಡವಳು ನೀಲಗಂಗವ್ವ.

"ಇದು ಉಪ್ಪಿನಕಾಯಿಗೆ ಬರೂದಿಲ್ಲವಾ," ಎಂದ ಕಲ್ಲುಕುಟಿಗ. ಸುಳ್ಳು ಹೇಳಿ ಮಾರುವವನಲ್ಲ.

"ನನಗ ಉಪ್ಪಿನಕಾಯಿಗೆ ಬ್ಯಾಡ. ಕೂಸಿನ ಹಿಟ್ಟು ಕಲಸಾಕ ಬೇಕು," ಎಂದಳು ಅವಳು.

ಆಗ ಅವಳಿಗೆ ಇಪ್ಪತ್ತಾರು ವರ್ಷ. ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ ಗಂಡ ಎದೆರೋಗದಿಂದ ಹಿಂದಿನ ವರ್ಷವೇ ತೀರಿಕೊಂಡಿದ್ದ. ಮಕ್ಕಳಾಗಿರಲಿಲ್ಲ. ಓಣಿಯ ಮುದುಕಿಯೊಬ್ಬಳ ಬೆನ್ನು ಹತ್ತಿ, ಬಾಣಂತಿಯರಿಗೆ ಮತ್ತು ಹಸುಗೂಸುಗಳಿಗೆ ಎಣ್ಣೆ ಹಚ್ಚಿ ನೀರು ಎರೆಯುವ ಕೆಲಸವನ್ನು ಅವಳು ಕಲಿತಿದ್ದಳು. ಮನೆಯಲ್ಲಿ ಗಂಡನ ಮಗ್ಗದ ಕುಣಿಗೆ ಮಣ್ಣು ತುಂಬಿ, ಅದರ ಮೇಲೆ ಬೀಸುವ ಕಲ್ಲು ಹೂಡಿದ್ದಳು. ಹೊಟ್ಟೆಪಾಡು ಅದೇ ಜಾಗದಿಂದ ಮತ್ತೆ ಶುರುವಾಯಿತು.

ಹಿಟ್ಟು ಮಾಡುವುದರಲ್ಲಿ ಅವಳಿಗೆ ಅವಸರ ಎಂಬುದಿರಲಿಲ್ಲ. ಹೆಸರುಕಾಳು, ಕಡಲೆಬೇಳೆ, ಅರಿಷಿಣದ ಕೊಂಬು, ಕಚೋರ, ಬೇವಿನೆಲೆ, ಚಳಿಗಾಲವಾದರೆ ಕಿತ್ತಳೆ ಸಿಪ್ಪೆ. ಎಲೆ, ಸಿಪ್ಪೆಗಳನ್ನು ನೆರಳಿನಲ್ಲೇ ಒಣಗಿಸುತ್ತಿದ್ದಳು. ಬಿಸಿಲಿಗೆ ಹಾಕಿದರೆ ವಾಸನೆ ಹಾರಿಹೋಗುತ್ತದೆ ಎನ್ನುತ್ತಿದ್ದಳು. ಬೀಸಿದ ಮೇಲೆ ಜರಡಿ ಹಿಡಿಯುವಳು. ಜರಡಿಯ ಮೇಲೆ ಉಳಿದ ತರಿ ದೊಡ್ಡವರ ಹಿಮ್ಮಡಿಗೆ, ಮೊಣಕೈಗೆ. ಕೆಳಗೆ ಇಳಿದದ್ದು ಬಾಣಂತಿಯ ಮೈಗೆ. ಅದನ್ನೇ ಹಳೆಯ ತೆಳು ಬಟ್ಟೆಯಲ್ಲಿ ಮತ್ತೆ ಎರಡು ಸಲ ಸೋಸಿದರೆ ಕೂಸಿಗೆ. ಆ ಕೊನೆಯ ಹಿಟ್ಟನ್ನು ನನ್ನೊಳಗೆ ಹಾಕಿ, ಹಾಲಿನ ಕೆನೆ ಬೆರೆಸಿ, ಎರಡು ಬೆರಳಿನಿಂದ ಕಲಸುವಳು. ಆ ಬೆರಳುಗಳು ಎಷ್ಟು ಮೆತ್ತಗಿದ್ದವೆಂದರೆ ಕಲ್ಲಾದ ನನಗೂ ಹಿತವೆನಿಸುತ್ತಿತ್ತು.

ಮದುವೆ ಗೊತ್ತಾದ ಹುಡುಗಿಯರೂ ಹಿಟ್ಟು ಕೇಳಿಕೊಂಡು ಬರುತ್ತಿದ್ದರು. "ಆಯಿ, ಬೆಳ್ಳಗಾಗೂ ಹಂಗ ಏನರ ಹಾಕಿ ಕೊಡ್ರಿ."

"ಸುಣ್ಣ ಹಚ್ಚಿ ಬೆಳ್ಳಗಾಗಾಕ ನೀ ಏನು ಗ್ವಾಡಿ ಏನ? ಮಣ್ಣು ಹೋಗತೈತಿ, ಸತ್ತ ಚರ್ಮ ಹೋಗತೈತಿ. ಬಣ್ಣ ಹೋಗೂದಿಲ್ಲ. ಅದು ನಿಂದು, ಇಟ್ಕೋ," ಎಂದು ನೀಲಗಂಗವ್ವ ನಗುತ್ತಿದ್ದಳು.

ಹೀಗೆ ಇಪ್ಪತ್ತೆರಡು ವರ್ಷ. ಬೆಳಗಾದರೆ ಯಾವುದಾದರೊಂದು ಮನೆಯಿಂದ ಕರೆ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳುವಳು. ನಾನು ಅವಳ ಬಲಮೊಣಕಾಲಿನ ಪಕ್ಕ. ಮೊದಲು ಎಣ್ಣೆ, ಆಮೇಲೆ ಹಿಟ್ಟು, ಆಮೇಲೆ ನೀರು. ಅಳುವ ಕೂಸು ಹಿಟ್ಟು ಹಚ್ಚುವ ಹೊತ್ತಿಗೆ ಸುಮ್ಮನಾಗಿ ಸೂರು ನೋಡುತ್ತಿತ್ತು. ಓಣಿಯಲ್ಲಿ ಅವಳ ಹೆಸರೇ ಮರೆತುಹೋಗಿ, ಎಲ್ಲರಿಗೂ ಅವಳು ಎರಿಯೋ ಆಯಿ ಆದಳು. ಮೀಸೆ ಬಂದ ಗಂಡಸರೂ ಎದುರಾದರೆ ನಿಂತು ಮಾತಾಡಿಸುತ್ತಿದ್ದರು.

ಇಪ್ಪತ್ತೆರಡನೆಯ ವರ್ಷದ ಚಳಿಗಾಲದಲ್ಲಿ ನಮ್ಮನ್ನು ಬಟ್ಟೆ ವ್ಯಾಪಾರದವರ ಮನೆಗೆ ಕರೆದರು. ಬಾಣಂತಿಯ ಹೆಸರು ಸುಮಂಗಲಾ. ಹತ್ತೊಂಬತ್ತರ ಹುಡುಗಿ. ತಾಯಿಯಿಲ್ಲದ ತವರಾದ್ದರಿಂದ ಗಂಡನ ಮನೆಯಲ್ಲೇ ಹೆರಿಗೆಯಾಗಿತ್ತು. ಗಂಡುಕೂಸು. ಅತ್ತೆ ಗುರುಸಿದ್ದವ್ವ ಬಾಗಿಲಲ್ಲಿ ನಿಂತರೆ ಮನೆಯ ಗಾಳಿಯೂ ನಿಲ್ಲುತ್ತಿತ್ತು. ಎಂಟು ದಿನದ ಕೂಸಿಗೆ ಭೇದಿಯಾದಾಗ, ಸೊಸೆ ಕದ್ದು ಒಂದು ಹೋಳು ಸೌತೆಕಾಯಿ ತಿಂದದ್ದೇ ಕಾರಣವೆಂದು ಹೇಳಿ, ಅವಳನ್ನು ಒಂದು ದಿನ ಉಪವಾಸ ಕೆಡವಿದ್ದಳು. "ನಿನ್ನ ಹಾಲಽ ನಂಜು," ಎಂದು ಬಂದವರ ಮುಂದೆಲ್ಲ ಹೇಳಿದ್ದಳು.

ಹದಿನೇಳನೆಯ ದಿನ. ಆ ಮನೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಎರೆಯುವ ವಾಡಿಕೆ. ನೀಲಗಂಗವ್ವ ಕೂಸನ್ನು ಕಾಲ ಮೇಲೆ ತೆಗೆದುಕೊಂಡಳು. ಎಣ್ಣೆಯ ಕೈ ಬೆನ್ನ ಮೇಲೆ ನಿಂತಿತು.

"ಯವ್ವಾ, ಕೂಸಿನ ಮೈ ಬೆಚ್ಚಗೈತಲ್ಲ?"

ಸುಮಂಗಲಾ ಬಾಗಿಲ ಕಡೆ ನೋಡಿದಳು. ಹೊರಗೆ ಅತ್ತೆ ಹಂಡೆಯ ಒಲೆಗೆ ಕಟ್ಟಿಗೆ ನೂಕುತ್ತಿದ್ದಳು.

"ದುಪ್ಪಟಿ ಹೊಚ್ಚಿದ್ದೆ ಆಯಿ. ಅದಕ್ಕ."

"ಹಾಲು ಕುಡದೈತೇನು?"

"ಹೂಂ. ಈಗಷ್ಟ ಕುಡೀತು."

ನೀಲಗಂಗವ್ವನ ಬೆರಳು ನನ್ನೊಳಗೆ ಹಿಟ್ಟಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಇತ್ತು. ಆಮೇಲೆ ಅವಳು ಬೇಗ ಬೇಗ ಎರೆದು, ಕೂಸಿನ ಮೈ ಒರೆಸಿ ಕೊಟ್ಟಳು. ಅರ್ಧ ಹಿಟ್ಟು ನನ್ನಲ್ಲೇ ಉಳಿಯಿತು. ಇನ್ನೊಂದು ಮನೆಗೆ ಹೋಗುವ ಅವಸರದಲ್ಲಿ ಅವಳು ನನ್ನನ್ನು ಆ ಬಚ್ಚಲಲ್ಲೇ ಮರೆತಳು. ಹಾಗೆ ಅವಳು ಎಂದೂ ಮರೆತವಳಲ್ಲ.

ಮುಂದಿನದನ್ನು ನಾನು ಬಚ್ಚಲಿನಿಂದ ಕೇಳಿದೆ. ಸಂಜೆಗೆ ಕೂಸು ಅಳುವುದನ್ನು ನಿಲ್ಲಿಸಿತು. ಗಂಡಸರು ದವಾಖಾನೆಗೆ ಓಡಿದರು. ಮರುದಿನ ಮಧ್ಯಾಹ್ನ ಕೂಸನ್ನು ಮಣ್ಣು ಮಾಡಿ ಬರಿಗೈಯಲ್ಲಿ ಬಂದರು. ರಕ್ತದಲ್ಲಿ ನಂಜಾಗಿ ಮೂರು ದಿನವಾಗಿತ್ತು, ಯಾಕೆ ತಡ ಮಾಡಿದಿರಿ ಎಂದು ಡಾಕ್ಟರು ಬೈದರೆಂದು ಸುಮಂಗಲಾಳ ಗಂಡ ಮೆಲ್ಲಗೆ ಹೇಳಿದ. ಗುರುಸಿದ್ದವ್ವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಆಕಿ ಹಿಟ್ಟಿನಾಗ ಏನು ಕಲಸಿದ್ಲೋ ಏನೋ! ಎರದು ಹ್ವಾದ ಮ್ಯಾಲ ನನ್ನ ಕೂಸು ಕಣ್ಣು ತೆರೀಲಿಲ್ಲ!"

ಬಚ್ಚಲ ಗೋಡೆಯ ಆಚೆ ಸುಮಂಗಲಾ ಇದ್ದಳು. ಅವಳು ಬಾಯಿಗೆ ಸೆರಗು ತುರುಕಿಕೊಂಡು ಅಳುವ ಸದ್ದು ನನಗೆ ಕೇಳಿಸುತ್ತಿತ್ತು.

ಮೂರನೆಯ ದಿನ ನೀಲಗಂಗವ್ವ ಮಾತಾಡಿಸಲು ಬಂದಳು. ಗುರುಸಿದ್ದವ್ವ ಅವಳನ್ನು ಹೊಸ್ತಿಲು ದಾಟಗೊಡಲಿಲ್ಲ. ಒಳಗೆ ಬಂದು, ಹಿಟ್ಟು ಒಣಗಿ ಅಂಟಿದ್ದ ನನ್ನನ್ನು ತೆಗೆದುಕೊಂಡು ಹೋಗಿ ಓಣಿಗೆ ಎಸೆದಳು. ನನ್ನ ಅಂಚು ಒಂದು ಕಡೆ ಹಾರಿತು. ಓಣಿಯ ಜನ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ನೀಲಗಂಗವ್ವ ನನ್ನನ್ನು ಎತ್ತಿಕೊಂಡು ತಲೆಯೆತ್ತಿದಳು. ಕಿಟಕಿಯ ಸರಳುಗಳ ಹಿಂದೆ ಸುಮಂಗಲಾಳ ಮುಖವಿತ್ತು. ಆ ಹುಡುಗಿ ನೋಡಿದಳು, ಆಮೇಲೆ ಕಣ್ಣು ಕೆಳಗೆ ಮಾಡಿದಳು.

"ನನ್ನ ಕೈಲೆ ತಪ್ಪಾತ್ರಿ ಅಕ್ಕಾರ," ಎಂದಳು ನೀಲಗಂಗವ್ವ. ಎಲ್ಲರಿಗೂ ಕೇಳುವಂತೆ ಹೇಳಿದಳು.

ಪಕ್ಕದ ಮನೆಯ ಮಾಬೂಬಿ ಅವಳ ಗೆಳತಿ. ಮಾಬೂಬಿಯ ಗಂಡ ಅದೇ ದವಾಖಾನೆಯಲ್ಲಿ ಜವಾನ. ಅವಳು ಸಿಟ್ಟಿನಿಂದ ಬಂದಳು.

"ಅಕ್ಕಾ, ನಮ್ಮವರು ಎಲ್ಲಾ ಹೇಳ್ಯಾರ. ಮೂರು ದಿನದಿಂದ ನಂಜಿತ್ತಂತ. ನೀ ಯಾಕ ಒಪ್ಪಕೊಂಡಿ?"

"ಮೂರು ದಿನದಿಂದ ಇತ್ತಂದ್ರ, ತಾಯಿಗೆ ತಿಳೀಲಿಲ್ಲೇನು ಅಂತ ಕೇಳತಾರ. ಆ ಹುಡುಗಿಗೆ ಹಿಂದ ಮುಂದ ಯಾರೂ ಇಲ್ಲ. ಅದೇ ಮನ್ಯಾಗ ಬಾಳೇವು ಮಾಡಬೇಕು ಆಕಿ."

"ಮತ್ತ ನಿನ್ನ ಬಾಳೇವು?"

ನೀಲಗಂಗವ್ವ ನನ್ನ ಮುರಿದ ಅಂಚನ್ನು ಬೆರಳಿನಿಂದ ಸವರಿದಳು. "ನನ್ನ ಕೈಗೆ ಗೊತ್ತಾಗಿತ್ತು ಮಾಬೂಬಿ. ಜ್ವರಾನ ಅದು ಅಂತ ಗೊತ್ತಾಗಿತ್ತು. ಕೈ ಹೇಳಿದ್ದು ಬಿಟ್ಟು ಆಕಿ ಬಾಯಿ ಮಾತು ಕೇಳಿದೆ. ನಂದೂ ತಪ್ಪೈತಿ."

ಅದಾದ ಮೇಲೆ ನಮಗೆ ಒಂದು ಕರೆಯೂ ಬರಲಿಲ್ಲ. ಬಸುರಿಯರು ಅವಳನ್ನು ಕಂಡರೆ ಸೆರಗು ಹೊದ್ದು ಪಕ್ಕಕ್ಕೆ ಸರಿದರು. ಅವಳೇ ಎರೆದು ಬೆಳೆಸಿದ ಗಂಡಸರು ನೋಡಿಯೂ ನೋಡದಂತೆ ದಾಟಿದರು. ಎರಡು ತಿಂಗಳು ಕಾದು ಅವಳು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಗೆ ಕೂಲಿಗೆ ಹೋದಳು. ಹತ್ತಿಯಲ್ಲಿ ಸಿಕ್ಕಿಕೊಂಡ ಒಣ ಸಿಪ್ಪೆ, ಕಡ್ಡಿ ಆರಿಸುವುದು, ಹತ್ತಿ ಒತ್ತಿ ಅಂಡಿಗೆ ಮೂಟೆ ಕಟ್ಟುವಾಗ ಹಗ್ಗ ಜಗ್ಗುವುದು. ನನ್ನನ್ನು ಗೂಡಿನಲ್ಲಿಟ್ಟು ಸೂಜಿ, ದಾರ, ಗುಂಡಿ ಹಾಕಿದಳು. ಸಂಜೆ ಬಂದು ಹರಿದ ಕುಪ್ಪಸ ಹೊಲಿಯಲು ಅವಳು ಒಳಗೆ ಕೈಯಿಟ್ಟಾಗ, ಆ ಬೆರಳುಗಳು ವರ್ಷದಿಂದ ವರ್ಷಕ್ಕೆ ಬಿರುಸಾಗುತ್ತ ಹೋದದ್ದು ನನಗೆ ತಿಳಿಯುತ್ತಿತ್ತು. ಹೀಗೆ ಇಪ್ಪತ್ತಮೂರು ವರ್ಷ ಕಳೆದವು.

ಒಂದು ಬೆಳಗ್ಗೆ ಸುಮಂಗಲಾ ಬಂದಳು. ಕಿವಿಯ ಹತ್ತಿರ ಕೂದಲು ನರೆತಿತ್ತು. ಒಳಗೆ ಬಂದವಳು ಚಾಪೆ ಹಾಸುವ ಮೊದಲೇ ನೆಲದ ಮೇಲೆ ಕೂತುಬಿಟ್ಟಳು.

"ಆಯಿ, ಅವತ್ತು ನಾ ಸುಳ್ಳು ಹೇಳಿದ್ದೆ. ಮೂರು ದಿನದಿಂದ ಕೂಸಿನ ಮೈ ಸುಡತಿತ್ತು. ಆ ದಿನ ನಸುಕಿನಿಂದ ಹಾಲೂ ಕುಡದಿರಲಿಲ್ಲ. ಹೇಳಿದ್ರ ಅತ್ತಿ ಮತ್ತ ನನ್ನ ಹಾಲಽ ನಂಜು ಅಂತಾಳ ಅಂತ ಅಂಜಿ..."

"ನನಗ ಗೊತ್ತಿತ್ತವಾ."

"ಗೊತ್ತಿತ್ತ?" ಸುಮಂಗಲಾ ಅವಳನ್ನೇ ನೋಡಿದಳು. "ಗೊತ್ತಿದ್ದೂ ನಿಮ್ಮ ಮ್ಯಾಲ ಹಾಕ್ಕೊಂಡ್ರಿ? ಬೈರಿ ನನ್ನ. ಒಂದ ಸಲ ಬೈರಿ ಆಯಿ."

"ಬೈದೀನಿ ಬಿಡು. ಸುಳ್ಳ್ಯಾಕ ಹೇಳಲಿ. ಜಿನ್ನಿನಾಗ ಹಗ್ಗ ಜಗ್ಗೂವಾಗೆಲ್ಲಾ ನಿನ್ನ ಹೆಸರು ಹಿಡದು ಬೈದೀನಿ. ಈಗ ಅದೂ ಮುಗದೈತಿ."

ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತಂತೆ. ಆದರೂ ಬರಲು ಸುಮಂಗಲಾಳಿಗೆ ಕಾಲು ಎದ್ದಿರಲಿಲ್ಲ. ಈಗ ಮಗಳು ಅಶ್ವಿನಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣುಕೂಸು. ಅದಕ್ಕೆ ನೀರು ಎರೆಯಲು ಹೋದರೆ ಸುಮಂಗಲಾಳ ಕೈ ನಡುಗುತ್ತಿತ್ತು. ಮಗಳು ಯಾಕೆಂದು ಕೇಳಿದಾಗ ಅಳುತ್ತ ಎಲ್ಲವನ್ನೂ ಹೇಳಿದ್ದಳು. "ಮೊದಲು ಅವರ ಮನಿಗೆ ಹೋಗು," ಎಂದಿದ್ದಳು ಅಶ್ವಿನಿ.

"ನನ್ನ ಮೊಮ್ಮಗಳಿಗೆ ನೀವಽ ಎರೀಬೇಕು," ಎಂದು ಸುಮಂಗಲಾ ಕಾಲು ಹಿಡಿದಳು.

ಆಮೇಲೆ ಎದ್ದು ನೇರ ಓಣಿಯ ನಲ್ಲಿಗೆ ಹೋದಳು. ಕೊಡ ಹಿಡಿದು ನಿಂತ ಹೆಂಗಸರ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಒಂದು ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲವೆಂದು ಮಾಬೂಬಿ ಆಮೇಲೆ ಬಂದು ಹೇಳಿದಳು.

ಎರೆಯಲು ಬರುವ ಮೊದಲು ನೀಲಗಂಗವ್ವ ಎಂಟು ದಿನದ ಗಡುವು ಕೇಳಿದ್ದಳು. ಎಪ್ಪತ್ತೊಂದರ ಮುದುಕಿ ಮತ್ತೆ ಬೀಸುವ ಕಲ್ಲಿನ ಮುಂದೆ ಕೂತಳು. ಕೂಸಿನ ಹಿಟ್ಟನ್ನು ಸೋಸಿ ಡಬ್ಬಿಯಲ್ಲಿಟ್ಟಳು. ಜರಡಿಯ ಮೇಲಿನ ತರಿಗೆ ಅಕ್ಕಿ ನುಚ್ಚು, ಪುಡಿ ಬೆಲ್ಲ, ಎಳ್ಳೆಣ್ಣೆ ಸೇರಿಸಿ ನನ್ನೊಳಗೆ ಕಲಸಿದಳು. ಅದು ಅವಳ ಕೈಗೆ. ಊರಿಗೆಲ್ಲ ಹಿಟ್ಟು ಹಚ್ಚಿದವಳು ತನಗೆಂದು ಕಲಸಿಕೊಂಡದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಬೆಳಗ್ಗೆ, ಸಂಜೆ, ಅಂಗೈ, ಬೆರಳ ಗಂಟು, ಉಗುರ ಬುಡ, ಎಲ್ಲ ಉಜ್ಜಿ ಉಜ್ಜಿ ಬಿಸಿನೀರಿನಲ್ಲಿ ಅದ್ದುವಳು. ಬೂದು ಬಣ್ಣದ ಸತ್ತ ಚರ್ಮ ಸುರುಳಿ ಸುರುಳಿಯಾಗಿ ಬರುತ್ತಿತ್ತು.

"ಏನಕ್ಕಾ, ಲಗ್ನ ಗಿಗ್ನ ಐತೇನು?" ಎಂದು ಮಾಬೂಬಿ ನಗೆಯಾಡಿದಳು.

"ಹೂಂನ. ನೀನೂ ಬಾ, ಅಕ್ಕಿಕಾಳು ಹಾಕಾಕ," ಎಂದಳು ನೀಲಗಂಗವ್ವ. ಅವಳು ನಕ್ಕದ್ದನ್ನು ಕೇಳಿ ನನಗೂ ಎಷ್ಟೋ ವರ್ಷವಾಗಿತ್ತು.

ಒಂಬತ್ತನೆಯ ದಿನ ಸುಮಂಗಲಾಳ ಮನೆಯ ಬಚ್ಚಲು. ನೀಲಗಂಗವ್ವ ಮಣೆಯ ಮೇಲೆ ಕೂತು ಕಾಲು ಚಾಚಿದಳು. ಬಾಗಿಲಲ್ಲಿ ಅಶ್ವಿನಿ ಗೋಡೆಗೆ ಒರಗಿ ಕೂತಿದ್ದಳು. ಕೂಸಿಗೆ ಸುತ್ತಿದ್ದ ತೆಳು ಬಟ್ಟೆ ಬಿಚ್ಚಲು ಹೋದರೆ, ಅದರ ಎಳೆಗಳು ಬೆರಳಿಗೆ ಸಿಕ್ಕಿಕೊಂಡವು. ಬಿಡಿಸಿಕೊಂಡಳು. ಎಣ್ಣೆ ಹಚ್ಚಿದಳು. ನನ್ನಿಂದ ಹಿಟ್ಟು ತೆಗೆದು ಬೆನ್ನ ಮೇಲೆ ಒಂದು ಸಲ ಕೈ ಆಡಿಸಿದಳು.

ಕೂಸು ಕಿಟಾರನೆ ಚೀರಿತು. ಬೆನ್ನ ಮೇಲೆ ಮೂರು ಕೆಂಪು ಗೆರೆ ಎದ್ದವು.

ಅಶ್ವಿನಿ ಅರ್ಧ ಎದ್ದವಳು ಹಾಗೇ ಕೂತಳು. ನೀಲಗಂಗವ್ವ ಆ ಗೆರೆಗಳನ್ನು ನೋಡಿದಳು, ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಎಂಟು ದಿನದ ಉಜ್ಜುವಿಕೆಗೆ ಮೇಲಿನ ಪದರ ಹೋಗಿತ್ತು, ಅಷ್ಟೆ. ಒಳಗಿನದು ಗಟ್ಟಿಯಾಗಿಯೇ ಇತ್ತು.

"ಸುಮಂಗಲಾ, ಬಾ. ಇಲ್ಲಿ ಕುಂದ್ರು, ಕಾಲು ಚಾಚು."

"ನನ್ನ ಕೈಲೆ ಆಗೂದಿಲ್ಲ ಆಯಿ."

"ನನ್ನ ಕೈಲೂ ಆಗೂದಿಲ್ಲವಾ. ಯಾರರ ಒಬ್ಬರು ಎರೀಬೇಕಲ್ಲ ಕೂಸಿಗೆ."

ಸುಮಂಗಲಾ ಕೂತಳು. ನೀಲಗಂಗವ್ವ ಗೋಡೆ ಹಿಡಿದು ಎದ್ದು, ಹೊಸ್ತಿಲ ಮೇಲೆ ಅಶ್ವಿನಿಯ ಪಕ್ಕ ಕೂತು ಹೇಳಿಕೊಟ್ಟಳು. ಕುತ್ತಿಗೆ ಎಲ್ಲಿ ಹಿಡಿಯಬೇಕು, ತೊಡೆ ಸಂದಿಯಲ್ಲಿ ಹಿಟ್ಟು ಹೇಗೆ ಜಾರಿಸಬೇಕು, ನೀರು ಕಣ್ಣಿಗೆ ಹೋಗದಂತೆ ಹಣೆಗೆ ಕೈ ಹೇಗೆ ಅಡ್ಡ ಇಡಬೇಕು. ಸುಮಂಗಲಾಳ ಕೈ ಮೊದಲು ನಡುಗಿತು. ಆಮೇಲೆ ನಿಂತಿತು. ಕೂಸು ಸುಮ್ಮನಾಯಿತು.

ಹೊರಡುವಾಗ ಅಶ್ವಿನಿ ನನ್ನನ್ನು ತೊಳೆದು ಅವಳ ಕೈಗೆ ಕೊಡಲು ಹೋದಳು. "ಇಲ್ಲೇ ಇರಲಿ. ನನಗೇನು ಮಾಡಾಕ?" ಎಂದು ನೀಲಗಂಗವ್ವ ಸೆರಗಿನೊಳಗೆ ಎರಡೂ ಕೈ ಸೇರಿಸಿಕೊಂಡು ನಡೆದುಹೋದಳು. ಆಮೇಲೆ ನಾನು ಅವಳನ್ನು ನೋಡಲಿಲ್ಲ.

ಆ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಓಣಿಗೆ ಓಣಿಯೇ ಸೇರಿತ್ತು, ಹೆಗಲು ಕೊಡಲು ಗಂಡಸರು ನಾನು ತಾನು ಎಂದರು ಎಂದು ಸುಮಂಗಲಾ ಬಂದು ಹೇಳಿದಳು. ಹೇಳಿ, ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

ಅದಾಗಿ ಆರು ವರ್ಷ. ಅಶ್ವಿನಿಯ ಮಗಳು ಶಾಲೆಗೆ ಹೋಗುತ್ತಾಳೆ, ಬಾಟಲಿಯ ಸೋಪಿನಲ್ಲಿ ಮೈ ತೊಳೆಯುತ್ತಾಳೆ. ನಾನು ಬಚ್ಚಲ ಕಿಟಕಿಯಲ್ಲಿದ್ದೇನೆ. ನನ್ನಲ್ಲೀಗ ಬಟ್ಟೆಗೆ ಹಾಕುವ ಕ್ಲಿಪ್ಪುಗಳಿವೆ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಹೆದರಿದ ಹುಡುಗಿಯೊಬ್ಬಳು ಸುಳ್ಳು ಹೇಳಿದಳು, ಅವಳನ್ನು ಉಳಿಸಲು ಇನ್ನೊಬ್ಬಳು ಸುಮ್ಮನಾದಳು. ಕಳೆದುಹೋದ ಹೆಸರನ್ನು ಸುಮಂಗಲಾ ತಡವಾಗಿಯಾದರೂ ತಂದು ಕೊಟ್ಟಳು. ಆದರೆ ಆ ಕೈಗಳು ಇದ್ದವಲ್ಲ, ಕಲ್ಲಿಗೂ ಹಿತವೆನಿಸಿದ ಕೈಗಳು, ಅವನ್ನು ಯಾರಿಂದಲೂ ತಂದು ಕೊಡಲಾಗಲಿಲ್ಲ.