ಸ್ವಂತ ಉಪಯೋಗದ ಕಾರು

ಅಣ್ಣ ಚಂದ್ರಾಮ ದಿನಾ ಬೆಳಿಗ್ಗೆ ಕಾರಿನ ಬಿಳಿ ನಂಬರ್ ಪ್ಲೇಟನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಬಾಡಿಗೆ ಕಾರಿಗೆ ಹಳದಿ ಪ್ಲೇಟ್ ಇರಬೇಕು. ಅವನದು ಬಿಳಿ, ಓಡಿಸುತ್ತಿದ್ದದ್ದು ಮಾತ್ರ ಬಾಡಿಗೆಗೇ.

ನನ್ನ ಅಕ್ಷರ ಚೆಂದವೆಂದು ವಿಮೆಯ ಅರ್ಜಿ ತುಂಬಲು ನನ್ನನ್ನೇ ಕೂರಿಸಿದ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. 'ವಾಹನವನ್ನು ಬಾಡಿಗೆಗೆ ಓಡಿಸುತ್ತೀರಾ?' ಎಂಬಲ್ಲಿ ನನ್ನ ಪೆನ್ನು ನಿಂತಿತು.

"ಇಲ್ಲಾ ಅಂತ ಬರಿಯೋ. ಖರೇ ಬರದ್ರ ಪ್ರೀಮಿಯಂ ಡಬಲ್ ಆಗ್ತದ. ಎಲ್ಲಾರೂ ಹಂಗೇ ಬರೀತಾರ."

ಬರೆದೆ. ಅಂದಿನಿಂದ ಕಾರು ಹತ್ತಿದವರಿಗೆಲ್ಲ ಅವನದೊಂದೇ ಪಾಠ: "ಯಾರರ ಕೇಳಿದ್ರ ನಾವು ಬೀಗರು ಅನ್ರಿ."

ಮನೆಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದ ಬಾಳವ್ವ ಬಾಡಿಗೆ ಕೊಟ್ಟು ಅದರಲ್ಲಿ ಮಗಳ ಊರಿಗೆ ಹೊರಟ ದಿನ ಕಾರು ಸೇತುವೆಯ ಕಟ್ಟೆಗೆ ಗುದ್ದಿತು. ಮುಂಭಾಗ ನುಜ್ಜುಗುಜ್ಜಾದರೂ ಆ ಬಿಳಿ ಪ್ಲೇಟು, ಹಾಳಾದ್ದು, ಹಾಗೇ ಇತ್ತು. ಮುದುಕಿಯ ಬಲಗೈ ಜಜ್ಜಿಹೋಗಿತ್ತು. ಎರಡು ಆಪರೇಷನ್ ಆಗದಿದ್ದರೆ ಬೆರಳು ಮಡಚಲು ಬರುವುದಿಲ್ಲ ಎಂದರು ಡಾಕ್ಟರು. ಅಣ್ಣನ ಬಳಿ ಕವಡೆ ಕಾಸಿರಲಿಲ್ಲ. ವಿಮೆಯ ಹಣ ಬಂದರೆ ಉಂಟು ಆ ಕೈ, ಇಲ್ಲದಿದ್ದರೆ ಇಲ್ಲ.

ವಿಮೆಯವರು ಆಸ್ಪತ್ರೆಗೆ ಬರುವ ಮುಂಚೆ ಅಣ್ಣ ಅವಳ ಕಿವಿಯ ಹತ್ತಿರ ಬಗ್ಗಿ, "ನೀ ನಮ್ಮ ಸೋದರತ್ತಿ, ನಮ್ಮಪ್ಪನ ತಂಗಿ" ಎಂದು ಮೂರು ಸಲ ಹೇಳಿಸಿದ. ನೋವಿನಲ್ಲಿ ನರಳುವ ಮುದುಕಿಗೆ ಪಾಠ! ಥೂ!

ಅಧಿಕಾರಿ ಬಂದು ಸ್ಟೂಲ್ ಎಳೆದುಕೊಂಡು ಕೂತರು.

"ಚಂದ್ರಾಮ ನಿಮಗ ಏನಾಗಬೇಕ್ರೀ ಅಮ್ಮಾ?"

"ನಮ್ಮ ಅಣ್ಣನ ಮಗ್ರೀ."

"ಹೌದಾ? ನಿಮ್ಮ ಅಣ್ಣಾರ ಹೆಸರು?"

ಬಾಳವ್ವ ಬಾಯಿ ತೆರೆದಳು, ಮುಚ್ಚಿದಳು. ನಮ್ಮಪ್ಪನ ಹೆಸರು ಹೇಳಿಕೊಡುವುದನ್ನು ಅಣ್ಣ ಮರೆತಿದ್ದ. ಅಧಿಕಾರಿ ನನ್ನ ಚೆಂದದ ಅಕ್ಷರದ ಅರ್ಜಿ ತೆಗೆದು, 'ಇಲ್ಲ' ಎಂಬುದರ ಕೆಳಗೆ ಗೆರೆ ಎಳೆದರು.

"ಸುಳ್ಳು ಬರದ್ರ ಕಂಪನಿ ಒಂದು ಪೈಸಾನೂ ಕೊಡಂಗಿಲ್ರೀ," ಎಂದು ಎದ್ದು ಹೋದರು.

ನನಗೆ ತಡೆಯಲಾಗಲಿಲ್ಲ. ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕೂಗಿದೆ: "ಪ್ರೀಮಿಯಂ ಉಳಿಸಿದೆಲ್ಲೋ! ಈಗ ಆಕೀ ಕೈ ಯಾರು ಕೊಡ್ತಾರ? ನೀನಾ? 'ಇಲ್ಲ' ಅಂತ ಬರದ ನಾನಾ?"

ಬಾಳವ್ವ ಎಡಗೈಯಿಂದ ನನ್ನ ಅಂಗಿ ಹಿಡಿದು ಎಳೆದಳು.

"ಅವಗ ಬೈಬ್ಯಾಡಪಾ. ತಪ್ಪು ನಂದ. ನಿಮ್ಮಪ್ಪನ ಹೆಸರೇನು, ಲಗೂನ ಹೇಳು. ಸಾಹೇಬರು ಇನ್ನೂ ದೂರ ಹೋಗಿರಂಗಿಲ್ಲ."

ಹೇಳುತ್ತಲೇ ಅವಳು ಮಂಚದಿಂದ ಇಳಿಯಲು ಹೊರಟಳು.