ಚ್ಯೂಲಿಂಗಳ ನಿದ್ದೆ

ನನ್ನ ಗಂಡನ ಅಣ್ಣ, ನಮ್ಮ ಭಾವ ಬೋವೆನ್ ಮದುವೆಯಾಗಲಿಲ್ಲ. ತೈಹಾಂಗ್ ಬೆಟ್ಟದ ಬುಡದ ಪೇಟೆಯಲ್ಲಿ ಮಾವ ಬಿಟ್ಟುಹೋದ ಔಷಧಿ ಅಂಗಡಿಯೇ ಅವರ ಸಂಸಾರ. ಅವರು ನಾಡಿ ನೋಡುತ್ತಿದ್ದರು, ನಾನು ಹಿಂದಿನ ಒಲೆಯಲ್ಲಿ ಬೀಜ ಹುರಿದು ಕುಟ್ಟಿ ಕೊಡುತ್ತಿದ್ದೆ. ಅವರಿಗೆ ಇದೇ ಊರಿನ ಚ್ಯೂಲಿಂಗ್ ಎಂಬವಳ ಮೇಲೆ ಮನಸ್ಸಿತ್ತೆಂದು ಅತ್ತೆ ನನಗೆ ಹೇಳಿದ್ದರು. ಹರೆಯದಲ್ಲಿ ಇಬ್ಬರೂ ಗುಡ್ಡಕ್ಕೆ ಕಾಡು ಎಲಚಿ ಆರಿಸಲು ಜೊತೆಯಾಗಿ ಹೋಗುತ್ತಿದ್ದರಂತೆ. ಭಾವ ಬಾಯಿ ಬಿಡುವಷ್ಟರಲ್ಲಿ ಅವಳಿಗೆ ಕಲ್ಲುಕುಟಿಗ ಗೆಂಗ್ ಜೊತೆ ಮದುವೆಯಾಗಿಹೋಯಿತು.

ಆ ಗೆಂಗ್ ಹೋದ ಚಳಿಗಾಲದಲ್ಲಿ ತೀರಿಕೊಂಡ. ಚಳಿ ಬಿಡುವ ಹೊತ್ತಿಗೆ ಚ್ಯೂಲಿಂಗ್ ನಮ್ಮ ಅಂಗಡಿಗೆ ಬಂದಳು. ಕಣ್ಣ ಕೆಳಗೆಲ್ಲ ಕಪ್ಪು. ರಾತ್ರಿ ರೆಪ್ಪೆ ಕೂಡುವುದಿಲ್ಲ, ಬಾಗಿಲು ಸದ್ದಾದರೂ ಎದೆ ಡವಡವ ಹೊಡೆದುಕೊಳ್ಳುತ್ತದೆ ಎಂದಳು. ಭಾವ ಅವಳ ಕೈಯನ್ನು ಪುಟ್ಟ ದಿಂಬಿನ ಮೇಲಿಡಿಸಿ ಮಣಿಕಟ್ಟಿಗೆ ಬೆರಳಿಟ್ಟರು. ಅವಳನ್ನು ಅವರು ಮುಟ್ಟಿದ್ದು ಅದೇ ಮೊದಲಿರಬೇಕು. ಬೇರೆಯವರಿಗಿಂತ ಅವಳ ನಾಡಿ ನೋಡಲು ಬಹಳ ಹೊತ್ತು ಹಿಡಿಯಿತು.

ಹುರಿದ ಎಲಚಿ ಬೀಜ, ಪೈನ್ ಬೇರಿಗಂಟಿ ಬೆಳೆಯುವ ಬಿಳಿ ಗಡ್ಡೆ, ಅತಿಮಧುರ, ಜೊತೆಗೆ ಒಂದೆರಡು ಬೇರು. ನಿದ್ದೆಗೆಟ್ಟವರಿಗೆ ಕೊಡುವ ಹಳೆಯ ಕಷಾಯ ಅದು. ಆ ದಿನ ಭಾವ ತಾವೇ ಒಲೆಯ ಬಳಿ ಬಂದು ನಾನು ಹುರಿಯಲು ತೆಗೆದಿಟ್ಟ ಬೀಜದಲ್ಲಿ ಜೊಳ್ಳನ್ನೆಲ್ಲ ಹೆಕ್ಕಿ ಎಸೆದರು.

ಕಷಾಯದ ಪೊಟ್ಟಣ ಮುಗಿದಾಗಲೆಲ್ಲ ಅವಳು ಬರುತ್ತಿದ್ದಳು. ಕೈ ಕೊಟ್ಟು ಕೂತು ಗಂಡನ ಮಾತೇ ಆಡುತ್ತಿದ್ದಳು. ಅವನ ಗೊರಕೆ, ಅವನ ಮುಂಗೋಪ, ಎಷ್ಟು ತೊಳೆದರೂ ತಲೆಗೂದಲಿಂದ ಹೋಗದ ಕಲ್ಲಿನ ಪುಡಿ. ಭಾವ ತಲೆ ತಗ್ಗಿಸಿ ಕೇಳುತ್ತಿದ್ದರು.

ಬೇಸಿಗೆಗೆ ಅವಳ ಮುಖ ತಿಳಿಯಾಯಿತು. ಇನ್ನು ಬರುವುದು ನಿಂತುಹೋಗುತ್ತದಲ್ಲ ಎಂದು ನನಗೇ ಸಂಕಟವಾಗಿ, "ಇನ್ನೊಂದಷ್ಟು ದಿನ ಕುಡೀಲಿ ಬಿಡಿ ಭಾವ, ಯಾರಿಗೇನು ನಷ್ಟ?" ಅಂದುಬಿಟ್ಟೆ. ಅಂದು ಊಟಕ್ಕೆ ಕರೆದರೆ ಅವರು ನನ್ನನ್ನು ತಡೆದು ತಾವೇ ಬಡಿಸಿಕೊಂಡರು.

ಮುಂದಿನ ಸಲ ಅವಳು ಬಂದಾಗ ನಾಡಿ ನೋಡಿ, ಇನ್ನು ಕಷಾಯ ಬೇಡ ಎಂದರು.

ಚ್ಯೂಲಿಂಗಳ ಮುಖ ಸಣ್ಣದಾಯಿತು. "ನಿಲ್ಲಿಸ್ಬೇಡಿ ವೈದ್ಯರೇ. ನಿದ್ದೆ ಬಂದಾಗಿಂದ ಅವ್ರು ಕನಸಲ್ಲಿ ಬರ್ತಾರೆ. ನಿದ್ದೆ ಇಲ್ದಾಗ ಅವ್ರ ಮುಖಾನೇ ಮಸಕಾಗ್ತಿತ್ತು."

ಭಾವ ಮೆಲ್ಲಗೆ ಬೆರಳು ತೆಗೆದರು. "ಕಷಾಯ ಇರೋದು ನಿದ್ದೆಗೆ ಚ್ಯೂಲಿಂಗ್, ಕನಸಿಗಲ್ಲ. ಅದಿಲ್ದೇನೂ ಬರ್ತಾರೆ ಬಿಡು." ದಿಂಬನ್ನು ಪಕ್ಕಕ್ಕೆ ಸರಿಸಿ, "ನನ್ನ ಕನಸಿಗೂ ಒಬ್ರು ಬರ್ತಾನೇ ಇದಾರೆ, ಹರೆಯದಿಂದ. ನಾನ್ಯಾವ ಮದ್ದೂ ಕುಡಿದಿಲ್ಲ" ಎಂದರು.

ಒಲೆಯ ಬಳಿ ನನ್ನ ಕೈಯ ಒನಕೆ ನಿಂತಿತು.

ಅವಳು ಮಡಚಿದ್ದ ಅಂಗಿಯ ತೋಳನ್ನು ಇಳಿಸಿಕೊಂಡು ಅವರನ್ನೇ ನೋಡಿದಳು. "ಗೊತ್ತು. ಆಗ ನೀನು ಒಂದು ಮಾತು ಕೇಳಿದ್ರೆ ಹೂಂ ಅಂತಿದ್ದೆ ಬೋವೆನ್. ಕಾದೆ ಕೂಡ. ಈಗ ನನ್ನ ಮನಸ್ಸು ಅವ್ರ ಹತ್ರಾನೇ ಇದೆ, ಏನ್ ಮಾಡ್ಲಿ?"

ಭಾವ ತಲೆಯಾಡಿಸಿದರು. ನಾನು ತಂದಿಟ್ಟ ಚಹಾವನ್ನು ಇಬ್ಬರೂ ಕುಡಿದರು. ಅವಳು ಇನ್ನು ಈ ಕಡೆ ತಲೆ ಹಾಕುವುದಿಲ್ಲವೆಂದೇ ನಾನು ತಿಳಿದಿದ್ದೆ.

ಆದರೆ ಸಂತೆಗೆ ಬಂದಾಗ ಈಗಲೂ ಬರುತ್ತಾಳೆ. ನಾಡಿ ತೋರಿಸುವುದಿಲ್ಲ. ಬೆಂಚಿನ ಮೇಲೆ ಕೂತು ಗೆಂಗ್ ಕನಸಲ್ಲಿ ಏನೆಂದ ಎಂದು ಹೇಳುತ್ತಾಳೆ, ನಗುತ್ತಾಳೆ. ಭಾವ ತಕ್ಕಡಿ ಹಿಡಿದು ಬೇರು ತೂಗುತ್ತ ಕೇಳುತ್ತಾರೆ. ಅವಳು ಎದ್ದು ಹೋದ ಮೇಲೆ, ತರಕಾರಿ ಗಾಡಿಗಳ ಸಂದಿಯಲ್ಲಿ ಕಾಣದಾಗುವವರೆಗೂ ಬಾಗಿಲಲ್ಲಿ ನಿಂತಿರುತ್ತಾರೆ. ಒಳಗೆ ಕಾದು ಕೂತ ರೋಗಿಗಳು ಬೇಸರಪಡದಿರಲೆಂದು ನಾನು ಅವರಿಗೆಲ್ಲ ಚಹಾ ಕೊಡುತ್ತೇನೆ.