ಕಾಲನಿಯಲ್ಲೇ ಅತಿ ಶುದ್ಧ ಮನೆ

ನನ್ನ ಹೆಂಡತಿ ತ್ರಿಶಲಾಳ ಬಗ್ಗೆ ನಾನು ಜಂಬ ಕೊಚ್ಚದ ಜಾಗ ಸಾಂಗ್ಲಿ-ಮಿರಜಿನಲ್ಲಿ ಉಳಿದಿರಲಿಲ್ಲ. ಬಸದಿಯ ಕಟ್ಟೆ, ಮಾಲಗಾಂವದ ಬೀಗರ ಮನೆ, ಕುಪವಾಡದ ಕಾರ್ಖಾನೆಗಳ ವಸಾಹತು ಎಂಐಡಿಸಿಯ ಚಹಾದಂಗಡಿ, ಎಲ್ಲಾ ಕಡೆ ಒಂದೇ ಮಾತು: "ನಮ್ಮ ಮನಿ ಸೋವಳೆ ನೋಡ್ರಿ. ನೀರು ಮೂರು ಸಲ ಸೋಸ್ತಾಳ. ಸ್ನಾನ ಇಲ್ಲದ ನಾ ಸುದ್ದಾ ಅಡಗಿಮನಿ ಹೊಸ್ತಲಾ ದಾಟಂಗಿಲ್ಲ." ನಾವು ಜೈನರು. ಸೋವಳೆ, ಅಂದರೆ ಅಡುಗೆಮನೆಯ ಮಡಿ, ನಮಗೆ ಮನೆತನದ ಮರ್ಯಾದೆ. ಕೇಳಿದವರು ತಲೆದೂಗುತ್ತಿದ್ದರು, ನಾನು ಇನ್ನೊಂದು ಚಹಾ ಹೇಳುತ್ತಿದ್ದೆ.

ತೊಂಬತ್ತೆರಡರ ಆಚೆ ಎಂಐಡಿಸಿಯಲ್ಲಿ ಕೆಲಸ ಮೈಮೇಲೆ ಬಂತು. ಒಂದು ಲೇಥ್ ಇದ್ದ ನನ್ನ ಶೆಡ್ಡಿಗೆ ಮೂರು ಬಂದವು. ಕವಲಾಪುರದ ಕೂಡುಮನೆ ಬಿಟ್ಟು ಸಾಂಗ್ಲಿಯ ಹೊಸ ಕಾಲನಿಯಲ್ಲಿ ಮನೆ ಕಟ್ಟಿಸಿದೆ. ನಾನು ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಮಗಳು ಸೋನಲಳಿಗೆ ಶಾಲೆ, ಟ್ಯೂಶನ್. ದಿನವಿಡೀ ಆ ಮನೆಯಲ್ಲಿ ತ್ರಿಶಲಾ ಒಬ್ಬಳೇ.

ಮೂರು ಸಲ ಸೋಸುವುದು ಏಳಾಯಿತು. ಕೈ ತೊಳೆಯುವಾಗ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ ಶುರು. ಆರಿಸಿಟ್ಟ ಅಕ್ಕಿಯನ್ನೇ ಮತ್ತೆ ಹರಡಿ ಆರಿಸುವಳು. ಮದುವೆಗೆಂದು ಹೊರಟವಳು ಬಚ್ಚಲಿನಿಂದ ಬರುವಷ್ಟರಲ್ಲಿ ಅಲ್ಲಿ ಅಕ್ಷತೆ ಬಿದ್ದಿರುತ್ತಿತ್ತು. ಬರಬರುತ್ತಾ ಎಲ್ಲಿಗೂ ಹೊರಡುವುದನ್ನೇ ಬಿಟ್ಟಳು. ನಾನು ಹತ್ತಿರ ಹೋದರೆ ಸರಿದು ನಿಲ್ಲುತ್ತಿದ್ದಳು. ಗ್ರೀಸಿನ ಮೈ, ತಪ್ಪು ನನ್ನದೇ ಅಂದುಕೊಂಡು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡೆ. ಹೆಂಡತಿ ಇದ್ದೂ ಒಂಟಿಯಾದೆ ಅಂತ ನನ್ನ ಮೇಲೆ ನನಗೇ ಮರುಕ. ಅವಳಿಗೆ ಹೇಗನಿಸುತ್ತದೆ ಅಂತ ಒಂದು ದಿನವೂ ಕೇಳಲಿಲ್ಲ.

"ಸಾಕಾಗೇದ್ರಿ ನನಗ," ಎಂದು ಒಮ್ಮೆ ಅವಳೇ ಬಾಯಿಬಿಟ್ಟಳು. "ಬಿಡಬೇಕಂತೀನಿ, ಬಿಡಾಕ ಆಗವಲ್ದು."

"ಪುಣ್ಯೇದ ಕೆಲಸಕ್ಕ ಸಾಕಾಗೂದೇನ?" ಎಂದು ನಕ್ಕುಬಿಟ್ಟೆ.

ತೊಂಬತ್ತೇಳರಲ್ಲಿ ನಮ್ಮ ಕಾಲನಿಗೆ ದಿಗಂಬರ ಮುನಿಗಳು ಬಂದರು. ಮುನಿಗಳ ಆಹಾರ ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಬೊಗಸೆಯಲ್ಲಿ. ಯಾರ ಬಾಗಿಲಲ್ಲಿ ನಿಲ್ಲುತ್ತಾರೋ ಯಾರಿಗೂ ತಿಳಿಯದು. ಅವತ್ತು ನಿಂತದ್ದು ನಮ್ಮ ಬಾಗಿಲಲ್ಲಿ. ನನಗೆ ನೆಲದ ಮೇಲೆ ಕಾಲಿರಲಿಲ್ಲ. ಪಾದ ತೊಳೆದು ಪೂಜೆಯಾದ ಮೇಲೆ ಬಡಿಸುವವರು ಗಟ್ಟಿಯಾಗಿ ಹೇಳಬೇಕು: ನಮ್ಮ ಮನಸ್ಸು ಶುದ್ಧ, ಮಾತು ಶುದ್ಧ, ಕಾಯ ಶುದ್ಧ, ಅನ್ನ ನೀರು ಶುದ್ಧ. ಅದನ್ನು ಕೇಳದೆ ಅವರು ಕೈ ಚಾಚುವುದಿಲ್ಲ.

ನಾನು ಹೇಳಿದೆ. ನೆರೆಮನೆಯ ನೇಮಿನಾಥಕಾಕಾ ಹೇಳಿದರು. ತ್ರಿಶಲಾ ಬಾಯಿ ತೆರೆಯಲಿಲ್ಲ. ಇಡೀ ಕಾಲನಿ ಬಾಗಿಲಲ್ಲಿ ನೆರೆದಿತ್ತು. "ಅನ್ನು, ಲಗೂನ," ಎಂದು ಹಲ್ಲು ಕಚ್ಚಿದೆ. ಅವಳು ನನ್ನ ಮುಖ ನೋಡಿದಳು, ತುಟಿಯಷ್ಟೇ ಅಲುಗಿತು. ನನಗೆ ರೇಗಿಹೋಯಿತು. ಅವಳ ದನಿ ಕೇಳದಿರುವುದನ್ನು ಮುಚ್ಚಲು ನಾನೇ ಇನ್ನೊಮ್ಮೆ ಜೋರಾಗಿ ಹೇಳಿಬಿಟ್ಟೆ. ಮುನಿಗಳು ಕೈ ಚಾಚಿದರು.

ಎರಡನೆಯ ಸಲ ನೀರು ಹಾಕುವಾಗ ಅವಳ ಬೆರಳಿನ ಬಿರುಕಿನಿಂದ ಒಂದು ಹನಿ ರಕ್ತ ಆ ಬೊಗಸೆಯಲ್ಲಿ ಬಿತ್ತು. ನಸುಕಿನಿಂದ ತೊಳೆಯುತ್ತಲೇ ಇದ್ದ ಕೈ. ರಕ್ತ ಕಂಡರೆ ಅಂತರಾಯ, ಅಂದರೆ ಊಟ ಅಲ್ಲಿಗೇ ನಿಂತಿತು, ಇನ್ನು ನಾಳೆಯವರೆಗೆ ಉಪವಾಸ. ಮುನಿಗಳು ಬೊಗಸೆ ಬಿಟ್ಟರು, ನವಿಲುಗರಿಯ ಪಿಂಛಿ ಎತ್ತಿ ಹರಸಿ ನಡೆದರು. ಜನ ಗುಸುಗುಸು ಮಾಡುತ್ತಾ ಅವರ ಹಿಂದೆ ಹೋದರು.

ಬಾಗಿಲು ಹಾಕಿ ನಾನು ಕೂಗಾಡಿದೆ. "ಮಾನಾ ಕಳದಿ! ಅಷ್ಟು ಮಾತು ಯಾಕ ಅನಲಿಲ್ಲ?"

"ಮನಸ್ಸು ಶುದ್ಧ ಇಲ್ಲರಿ," ಎಂದಳು. "ಸಾರು ಕುದಿಯೂಮುಂದ ಇದರಾಗ ಏನರೆ ವಿಷಾ ಹಾಕೇನೇನೋ ಅನಸ್ತದ. ಸೋನಲಗ ಬಡಸೂಮುಂದನೂ ಅನಸ್ತದ. ಹಾಕಿಲ್ಲಂತ ಗೊತ್ತೈತಿ. ಆದ್ರೂ ತೊಳೀಬೇಕು. ತೊಳದ್ರ ಒಂದು ಗಳಿಗಿ ಸುಮ್ಮಾಗ್ತದ, ಮತ್ತ ಬರ್ತದ. ಕವಲಾಪುರದಾಗ ಇದ್ದಾಗಿಂದ ಹಿಂಗ, ಎಂಟು ವರ್ಷಾತು. ಯಾರ ಮುಂದ ಹೇಳ್ಲಿ? ನನ್ನಂಥ ಪಾಪಿ ಇನ್ನೊಬ್ಬಾಕಿ ಇರಂಗಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಎಂಟು ವರ್ಷ ನಾವು ಚಪ್ಪರಿಸಿಕೊಂಡು ಉಂಡಿದ್ದೆವು. ಅವಳು ತನಗೆ ತಾನೇ ಹೆದರಿಕೊಂಡು ಎದುರಿಗೆ ನಿಂತಿದ್ದಳು. ಅವಳ ಕೈ ಹಿಡಿದುಕೊಂಡೆ. ಅಂಗೈ ಬೇಸಿಗೆಯ ಎರೆಹೊಲದ ಹಾಗೆ ಬಿರಿದಿತ್ತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಮರುದಿನ ಶೆಡ್ಡಿಗೆ ಬೀಗ ಹಾಕಿ ಅವಳನ್ನು ಮಿರಜಿಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರು ಕೈ ನೋಡಿ, ಮುಲಾಮು ಬರೆದು, ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ಆಕೆ ವಯಸ್ಸಾದವರು, ಕರ್ನಾಟಕದಿಂದ ಬರುವ ರೋಗಿಗಳ ಸಹವಾಸದಲ್ಲಿ ಕನ್ನಡ ಪಳಗಿತ್ತು. ಬೇಡವೆಂದರೂ ವಿಚಾರ ಬರುತ್ತದೆಯೇ, ತೊಳೆದರೆ ಸ್ವಲ್ಪ ಹೊತ್ತು ತಣ್ಣಗಾಗುತ್ತದೆಯೇ, ದಿನಕ್ಕೆ ಎಷ್ಟು ತಾಸು ಅದರಲ್ಲೇ ಹೋಗುತ್ತದೆ ಎಂದು ಒಂದೊಂದಾಗಿ ಕೇಳಿದರು. ತ್ರಿಶಲಾ ಒಂದನ್ನೂ ಮುಚ್ಚಿಡಲಿಲ್ಲ.

"ಇದು ಪಾಪಾನೂ ಅಲ್ಲ, ಹುಚ್ಚೂ ಅಲ್ಲ. ಇದೊಂದು ಜಡ್ಡು," ಎಂದರು ಡಾಕ್ಟರು. "ಔಷಧ ಅದ. ತೊಳೀದ ತಡಕೊಳ್ಳೂದನ್ನ ಸಾವಕಾಶ ಕಲಿಸ್ತೀವಿ. ವ್ಯಾಳ್ಯಾ ಹಿಡೀತದ, ಆದ್ರ ಹಗರ ಆಗ್ತದ. ಇಂಥಾ ವಿಚಾರ ಬರ್ತಾವಂತ ಹೇಳ್ಕೊಂಡು ವಾರಕ್ಕ ನಾಕೈದು ಮಂದಿ ಬರ್ತಾರ ನನ್ನ ಕಡೆ."

"ನಾಕೈದು ಮಂದಿ?" ತ್ರಿಶಲಾ ಮುಂದಕ್ಕೆ ಬಾಗಿದಳು. "ಖರೇನ್ರಿ?"

"ಖರೇನೇ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಕ್ಕದ ಕುರ್ಚಿಯಲ್ಲಿ ನಾನಿದ್ದೆ, ಅವಳು ನನ್ನ ಕಡೆ ತಿರುಗಲಿಲ್ಲ.

"ಡಾಕ್ಟರಬಾಯೀರಿ," ಎಂದಳು, "ಆ ಮಂದಿ ಬರೂ ದಿನಾ ನನಗ ಹೇಳ್ತೀರೇನು? ಮಾತಾಡಂಗಿಲ್ಲರಿ. ಸುಮ್ನ ಅವರ ಬಾಜೂಕ ಕುಂತು ಹೋಗ್ತೀನಿ."